ಸಕ್ರೆಪ್ಪ ಬಟ್ಟೆಯ ನೀರಡಿಕೆ ಅಳೆದದ್ದು

ನೂಲಗೇರಿಯ ನೇಕಾರರ ಓಣಿಯಲ್ಲಿ ಕಟ್ಟಕಡೆಯ ಮನೆ ಬನವ್ವನದು. ಮನೆಯಲ್ಲಿ ಇದ್ದವರು ಇಬ್ಬರೇ, ಬನವ್ವ ಮತ್ತು ಅವಳ ಮಗ ಸಕ್ರೆಪ್ಪ. ಮಗ್ಗವನ್ನೂ ಸೇರಿಸಿದರೆ ಮೂವರು. ಮೂವರಲ್ಲಿ ಬುದ್ಧಿ ಕಡಿಮೆ ಇದ್ದದ್ದು ಮಗ್ಗಕ್ಕಲ್ಲ.

ಸಕ್ರೆಪ್ಪನಿಗೆ ಮೀಸೆ ಬಂದಿತ್ತು. ಮೀಸೆಯ ಜೊತೆ ಬರಬೇಕಾದದ್ದು ಬಂದಿರಲಿಲ್ಲ. ಹಾಗಂತ ಅವನು ಸೋಮಾರಿಯಲ್ಲ, ಸುಳ್ಳನಲ್ಲ, ತಾಯಿಯ ಮಾತು ಮೀರಿದವನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬನವ್ವನ ಗೋಳೆಲ್ಲ ಅದೇ.

"ಮಾತು ಕೇಳೋ ಮಗನ್ನ ಕೊಡು ತಾಯೀ ಅಂತ ಬೇಡಿಕೊಂಡಿದ್ದೆ," ಎಂದು ಅವಳು ದೇವರ ಪಟದ ಮುಂದೆ ನಿಂತು ಹೇಳುತ್ತಿದ್ದಳು. "ನೀನೂ ಹೇಳಿದ್ದನ್ನ ಹೇಳಿದ ಹಂಗ ಮಾಡಿಬಿಟ್ಟೆಲ್ಲ ನಮ್ಮವ್ವಾ!"

ಬನವ್ವ ನೇಯುತ್ತಿದ್ದದ್ದು ಬರೀ ಬಿಳಿ ಬಟ್ಟೆ. ಅಂಚಿಗೆ ದಡಿ ಇಲ್ಲ, ಹೂವಿಲ್ಲ, ಬಣ್ಣವಿಲ್ಲ, ಹೊಳಪಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ, ನೀರು ಕುಡಿಯುವುದು. ಮೈ ಒರೆಸಿದರೆ ಮೈ ಒಣಗುತ್ತಿತ್ತು, ನೆಲ ಒರೆಸಿದರೆ ನೆಲ ಒಣಗುತ್ತಿತ್ತು. ಆದರೆ ಸಂತೆಗೆ ಬಂದವರು ದಡಿ ನೋಡುತ್ತಿದ್ದರು, ಹೊಳಪು ನೋಡುತ್ತಿದ್ದರು, ಬನವ್ವನ ಗಂಟನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು.

ಅವಳ ಅಣ್ಣ ಸಂಕಣ್ಣ ಪಕ್ಕದೂರಿನವನು. ಬಂದಾಗಲೆಲ್ಲ ಒಂದೇ ಮಾತು.

"ತಂಗೀ, ಈ ಅಮಾಸಿ ಮುಗೀಲಿ, ಮಗ್ಗ ಬಿಚ್ಚಿಬಿಡು. ಅಟ್ಟಕ್ಕ ಹಾಕು. ತಾಯಿ ಮಗ ಇಬ್ಬರೂ ನಮ್ಮನಿಗೆ ನಡೀರಿ. ನಿಮ್ಮ ಅತ್ತಿಗಿಗೂ ರೊಟ್ಟಿ ಬಡಿಯಾಕ ಒಂದು ಕೈ ಆಗ್ತದ."

ಅತ್ತಿಗೆಯ ಒಲೆಯ ಮುಂದೆ ಕೂರುವ ಮಾತು ಕೇಳಿದರೆ ಬನವ್ವನ ಕೈಯಲ್ಲಿ ಲಾಳಿ ನಿಲ್ಲುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವಳು ರಾಣಿ. ಅತ್ತಿಗೆಯ ಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಒಂದು ಕೈ, ಅಷ್ಟೇ.

ಅಂಥ ಹೊತ್ತಿನಲ್ಲಿ ದೇಸಾಯರ ವಾಡೆಯಲ್ಲಿ ಗಂಡುಕೂಸು ಹುಟ್ಟಿತು. ದೇಸಾಯರ ತಾಯಿ ಊರಿಗೆಲ್ಲ ದೊಡ್ಡವ್ವ. ಮರಿಮಗನನ್ನು ಕಂಡ ಸಂಭ್ರಮಕ್ಕೆ ನೇಕಾರರ ಓಣಿಯಲ್ಲಿ ಡಂಗುರ ಹೊಡೆಸಿದಳು.

"ತೊಟ್ಟಿಲಿಗೆ ಬಟ್ಟಿ ಬೇಕು! ದಡಿ ಬ್ಯಾಡ, ಜರಿ ಬ್ಯಾಡ! ಯಾರ ಬಟ್ಟಿ ಹೆಚ್ಚು ಕುಡೀತದೋ ಅವರ ಮಗ್ಗಕ್ಕ ವಾಡೇದ ಕೆಲಸ! ಅಮಾಸಿ ದಿನ ಅಳದು ನೋಡ್ತಾರಪೋ!"

ದೇಸಾಯರ ವಾಡೆಯಲ್ಲಿ ಒಂದು ಕೂಸು ನಡೆಯುವಷ್ಟರಲ್ಲಿ ಇನ್ನೊಂದು ತೊಟ್ಟಿಲಿಗೆ ಬರುತ್ತಿತ್ತು. ಆ ಕೆಲಸ ಸಿಕ್ಕರೆ ಬನವ್ವನ ಮಗ್ಗ ಅವಳ ಜೀವ ಇರುವ ತನಕ ಅಟ್ಟ ಹತ್ತುವುದಿಲ್ಲ.

ಬನವ್ವ ಕಚ್ಚೆ ಕಟ್ಟಿ ಕೂತಳು. ಮೂರು ತುಂಡು ನೇಯ್ದಳು. ಒಂದು ಬಿಗಿ, ಒಂದು ಸಡಿಲ, ಒಂದು ಎರಡೆಳೆಯದು. ನೂಲು ಮಗ್ಗಕ್ಕೇರುವ ಮೊದಲು ಎಳೆ ಹರಿಯದಿರಲೆಂದು ಅದಕ್ಕೆ ಜೋಳದ ಗಂಜಿ ಹಚ್ಚುವುದು ರೂಢಿ. ಆ ಗಂಜಿ ಹೋಗುವ ತನಕ ಹೊಸ ಬಟ್ಟೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಬನವ್ವ ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

"ಯಾಕಿಷ್ಟು ತೊಳೀತೀ ಯವ್ವಾ?" ಅಂದ ಸಕ್ರೆಪ್ಪ.

"ಹೊಟ್ಟಿಯೊಳಗ ಗಂಜಿ ಇರೋತನಕ ನೀರು ಕುಡಿಯೂದಿಲ್ಲಪಾ."

ಅಂದು ಸಂಜೆ ಸಕ್ರೆಪ್ಪ ಗಂಜಿಯ ಗಂಗಾಳ ಮುಟ್ಟಲಿಲ್ಲ.

"ಯಾಕೋ, ಉಣ್ಣೂದಿಲ್ಲೇನು?"

"ಬ್ಯಾಡವ್ವಾ. ಆಮ್ಯಾಲ ನೀರಡಿಕಿ ಆದ್ರ ಏನ್ ಮಾಡ್ಲಿ?"

ಬೆಳಗಾಯಿತು. ಬನವ್ವ ಮಗ್ಗದಿಂದ ಏಳುವ ಹಾಗಿರಲಿಲ್ಲ. ಮಗನನ್ನು ಕರೆದಳು.

"ಈ ಮೂರೂ ತುಂಡು ತಗೋ. ನೀರಾಗ ಅದ್ದು. ಯಾವುದು ಹೆಚ್ಚು ಕುಡೀತದ ನೋಡಿಕೊಂಡು ಬಾ."

"ಆತವ್ವಾ!"

ನೀರು ಎಲ್ಲಿದೆ? ಹೊಳೆಯಲ್ಲಿದೆ. ಸಕ್ರೆಪ್ಪ ಹೊಳೆಗೆ ಹೋದ. ದಂಡೆಯಲ್ಲಿ ಒಂದು ಕಲ್ಲು ನೆಟ್ಟು, ನೀರು ಎಲ್ಲಿಯ ತನಕ ಇದೆ ಎಂದು ಗುರುತು ಮಾಡಿದ. ಬಿಗಿಯದನ್ನು ಅದ್ದಿದ, ಕಲ್ಲು ನೋಡಿದ. ಸಡಿಲದ್ದನ್ನು ಅದ್ದಿದ, ಕಲ್ಲು ನೋಡಿದ. ಎರಡೆಳೆಯದ್ದನ್ನು ಅದ್ದಿ, ಮೊಣಕಾಲೂರಿ ಕೂತು, ಕಣ್ಣು ಮಿಟುಕಿಸದೆ ಕಲ್ಲು ನೋಡಿದ. ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ.

"ಯವ್ವಾ, ಕೆಲಸ ಕೆಟ್ಟಿತು. ಮೂರರಾಗ ಒಂದೂ ಕುಡೀಲಿಲ್ಲ."

"ಏನಂದೀ?"

"ಹೊಳಿ ಇದ್ದಂಗ ಐತಿ. ಒಂದು ಬೆರಳೂ ಇಳೀಲಿಲ್ಲ."

ಬನವ್ವ ಹಣೆ ಚಚ್ಚಿಕೊಂಡಳು.

"ಹೊಳಿ ಇಟ್ಟುಕೊಂಡು ಬಟ್ಟಿ ಅಳೀತಾರೇನೋ ಹುಚ್ಚಪ್ಪಾ! ಸಣ್ಣ ಪಾತ್ರೆ ತಗೋಬೇಕು. ಕಂಠಮಟ್ಟ ತುಂಬಬೇಕು. ಆಮ್ಯಾಲ ಬಟ್ಟಿ ಅದ್ದಿ ಎತ್ತಬೇಕು. ಪಾತ್ರೆಯೊಳಗ ಎಷ್ಟು ಕಡಿಮಿ ಆತೋ ಅಷ್ಟು ಬಟ್ಟಿ ಕುಡೀತು ಅಂತ ಲೆಕ್ಕ. ಕಂಠಮಟ್ಟ ತುಂಬದ ಅಳತಿ ಇಲ್ಲ, ತಿಳೀತಿಲ್ಲೋ?"

"ತಿಳೀತವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಇನ್ನು ಇವನನ್ನು ನಂಬಿದರೆ ಆಗದು ಎಂದು ಬನವ್ವ ಮೂರೂ ತುಂಡು ಒಣಗಿಸಿ, ತಾನೇ ತಂಬಿಗೆ ಹಿಡಿದು ಕೂತಳು. ಬಿಗಿಯದು ಒಂದು ಗುಟುಕು ಕುಡಿಯಿತು. ಸಡಿಲದ್ದು ಕುಡಿದದ್ದನ್ನೆಲ್ಲ ಎತ್ತುವಾಗಲೇ ಸುರಿಸಿಬಿಟ್ಟಿತು. ಎರಡೆಳೆಯದು ಅದ್ದಿದ ಕೂಡಲೇ ತಂಬಿಗೆಯನ್ನು ಅರ್ಧಕ್ಕೆ ಇಳಿಸಿತು, ಒಂದು ಹನಿ ಹೊರಗೆ ಬಿಡಲಿಲ್ಲ. ಬನವ್ವನ ಮುಖ ಅರಳಿತು. ಎರಡೆಳೆಯದ್ದನ್ನು ಒಣಗಿಸಿ ಮಡಚಿಟ್ಟಳು. ಸಡಿಲದ್ದು ಮಗನ ಹೆಗಲಿಗೆ ಬಂತು.

ಮಾರನೆಯ ದಿನ ದೀಪಕ್ಕೆ ಎಣ್ಣೆ ಬೇಕಾಯಿತು.

"ಗಾಣದ ಮನಿಗೆ ಹೋಗಿ ಒಂದು ತಂಬಿಗಿ ಎಣ್ಣಿ ತಾ."

ಗಾಣದವನು ಒಳ್ಳೆಯ ಮನುಷ್ಯ. ತಂಬಿಗೆಯ ಕಂಠಮಟ್ಟ ತುಂಬಿಕೊಟ್ಟ. ಕಂಠಮಟ್ಟ! ಸಕ್ರೆಪ್ಪನಿಗೆ ತಾಯಿಯ ಮಾತು ನೆನಪಾಯಿತು. ದಾರಿಯಲ್ಲೇ ಕೂತ. ಹೆಗಲ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿದ, ಎತ್ತಿದ, ತಂಬಿಗೆಯೊಳಗೆ ಇಣುಕಿದ, ಮತ್ತೆ ಹೆಗಲಿಗೆ ಹಾಕಿಕೊಂಡ. ಹೆಗಲಿಂದ ಬೆನ್ನಿಗೆ, ಬೆನ್ನಿಂದ ಹಿಮ್ಮಡಿಗೆ ಎಣ್ಣೆ ಇಳಿಯಿತು. ಓಣಿಯ ನಾಯಿಗಳೆಲ್ಲ ಅವನ ಹಿಂದೆ ನೆಕ್ಕಿಕೊಂಡು ಬಂದವು.

"ಯವ್ವಾ, ಖುಷಿ ಸುದ್ದಿ! ಸಡಿಲದ್ದು ಅಂತ ಬೈದಿಯಲ್ಲ, ಅದು ಎಣ್ಣಿ ಹ್ಯಾಂಗ ಕುಡೀತದ ನೋಡು! ಅರ್ಧ ತಂಬಿಗಿ!"

"ಅಯ್ಯ ನನ್ನ ಕರ್ಮಾ! ದೀಪದ ಎಣ್ಣಿ ಯಾರು ಅಳಿ ಅಂದಾರೋ? ಅದ್ದಿದ್ದು ಅದ್ದಿದೆ, ಅಲ್ಲೇ ಹಿಂಡಿದ್ರ ಎಣ್ಣಿ ತಿರುಗಿ ಬರತಿತ್ತಲ್ಲೋ! ಒದ್ದಿ ಬಟ್ಟಿ ಕಂಡ್ರ ಎರಡೂ ತುದಿ ಹಿಡೀಬೇಕು, ತಿರುವಬೇಕು, ಕಡೀ ಹನಿ ಬೀಳೋತನಕ ಬಿಡಬಾರದು!"

"ತಿಳೀತವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ಬೆಳಿಗ್ಗೆ ಗುಡಿಯ ಪೂಜಾರಿ ಬಾವಿಯಲ್ಲಿ ಮಿಂದು, ಮಡಿಯಲ್ಲಿ, ಒದ್ದೆ ಪಂಚೆಯುಟ್ಟು, ಕೈಯಲ್ಲಿ ಹೂಬುಟ್ಟಿ ಹಿಡಿದು ಬರುತ್ತಿದ್ದ. ಪಂಚೆಯ ತುದಿಯಿಂದ ನೀರು ತೊಟಕ್ ತೊಟಕ್ ಎಂದು ಬೀಳುತ್ತಿತ್ತು. ಒದ್ದೆ ಬಟ್ಟೆ! ಸಕ್ರೆಪ್ಪ ಓಡಿದ. ಮುಂದಿನ ತುದಿ ಹಿಡಿದ, ಹಿಂದಿನ ತುದಿ ಹಿಡಿದ, ತಿರುವಿದ.

"ಏ! ಏ! ಯಾರಲೇ ಅದು? ಬಿಡಲೇ!"

"ಕಡೀ ಹನಿ ಇನ್ನೂ ಬಿದ್ದಿಲ್ರೀ ಪೂಜಾರಪ್ಪಾ!"

ಪಂಚೆ ತಿರುಗಿದ ಹಾಗೆ ಪೂಜಾರಿಯೂ ತಿರುಗಿದ, ರಾಟೆಯ ಕದಿರಿನ ಹಾಗೆ ಗರಗರ ತಿರುಗಿದ. ಹೂಬುಟ್ಟಿ ಒಂದು ಕಡೆ, ಮಡಿ ಒಂದು ಕಡೆ. ನೀರು ತಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತರು. ಪೂಜಾರಿ ಎರಡು ಕೈಯಲ್ಲಿ ಪಂಚೆ ಹಿಡಿದುಕೊಂಡು ಬನವ್ವನ ಬಾಗಿಲಿಗೆ ಬಂದ.

"ಬನವ್ವಾ, ನಿನ್ನ ಮಗನ್ನ ಕಟ್ಟಿಹಾಕು! ಇಲ್ಲಂದ್ರ ನಾ ಊರು ಬಿಡ್ತೀನಿ!"

ಬನವ್ವ ಕೈಮುಗಿದು ಅವನನ್ನು ಕಳಿಸಿ, ಮಗನ ಕಿವಿ ಹಿಡಿದಳು.

"ಒದ್ದಿ ಇದ್ದವರನ್ನ ಹಿಡಿದು ಎಳೆದಾಡ್ತಾರೇನೋ?"

"ಮತ್ತ ಏನ್ ಮಾಡಬೇಕು ಯವ್ವಾ?"

ಇಷ್ಟು ಹೇಳಿ ಸುಮ್ಮನಿರಬೇಕಾಗಿತ್ತು ಅವಳು. ಆದರೆ ಕೇಳಿದ್ದಕ್ಕೆ ಬುದ್ಧಿ ಹೇಳದೆ ಬಿಡುವ ತಾಯಿ ಎಲ್ಲಿದ್ದಾಳೆ?

"ಒದ್ದಿ ಆದದ್ದನ್ನ ಬಿಸಿಲಿಗೆ ಹರವಬೇಕು. ಗಾಳಿಗೆ ಹಾರಿ ಹೋಗದಂಗ ನಾಕೂ ಮೂಲಿಗೆ ಕಲ್ಲು ಹೇರಬೇಕು. ಒಂದು ಮಗ್ಗಲು ಒಣಗಿದ ಮ್ಯಾಲ ಇನ್ನೊಂದು ಮಗ್ಗಲು ತಿರುವಿ ಹಾಕಬೇಕು. ತಿಳೀತಾ?"

"ತಿಳೀತವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಅಮಾವಾಸ್ಯೆ ಬಂತು. ವಾಡೆಯಲ್ಲಿ ಅಳತೆಯ ದಿನ. ಬನವ್ವ ಬೆಳಗಾಗುವುದರೊಳಗೆ ಎದ್ದು, ಹೋಗುವ ಮುನ್ನ ಒಂದು ಕೈ ನೇಯ್ದು ಹೋಗೋಣ ಎಂದು ಮಗ್ಗಕ್ಕೆ ಇಳಿದಳು. ಅಷ್ಟರಲ್ಲಿ ಅಣ್ಣ ಸಂಕಣ್ಣ ಬಂದ, ಮಗ್ಗ ಬಿಚ್ಚಿಸಲು. ಬರುವ ದಾರಿಯಲ್ಲಿ ಹಳ್ಳ ದಾಟುವಾಗ ಗಾಡಿ ಸಿಕ್ಕಿಬಿದ್ದು, ಇಳಿದು ನೂಕಿದರೂ ಮೇಲೇಳದೆ, ಅದನ್ನು ಅಲ್ಲೇ ಬಿಟ್ಟು, ತಲೆಯಿಂದ ಕಾಲಿನ ತನಕ ತೊಯ್ದು ನಡೆದು ಬಂದಿದ್ದ. ತಂಗಿ ಮಗ್ಗದಿಂದ ಏಳಲಿ ಎಂದು ಅಂಗಳದ ಕಟ್ಟೆಯ ಮೇಲೆ ಒರಗಿದವನಿಗೆ ದಣಿವಿಗೆ ಕಣ್ಣು ಹತ್ತಿತು.

ಸಕ್ರೆಪ್ಪ ನೋಡಿದ. ಮಾವ ಒದ್ದೆ. ಕಟ್ಟೆಯ ಮೇಲೆ ನೆರಳು. ಮಾವನ ಕಂಕುಳಿಗೆ ಕೈಹಾಕಿ ಮೆಲ್ಲಗೆ ಅಂಗಳದ ಬಿಸಿಲಿಗೆ ಎಳೆದ. ಕೈ ಎರಡು ಕಡೆ ಹರವಿದ, ಕಾಲು ಎರಡು ಕಡೆ ಹರವಿದ. ಧೋತರದ ಎರಡು ಮೂಲೆಗೆ ಎರಡು ಕಲ್ಲು, ಅಂಗಿಯ ಎರಡು ತೋಳಿಗೆ ಎರಡು ಕಲ್ಲು. ಬೀಸುವ ಕಲ್ಲೂ ಬಿಡಲಿಲ್ಲ.

ಸಂಕಣ್ಣನಿಗೆ ಎಚ್ಚರವಾಯಿತು. ಆಕಾಶ ಕಂಡಿತು. ಏಳಲು ಹೋದ, ಏಳಲಾಗಲಿಲ್ಲ.

"ಅಯ್ಯಯ್ಯೋ! ನನಗೇನಾತು? ಕೈ ಬರವಲ್ದು, ಕಾಲು ಬರವಲ್ದು! ತಂಗೀ! ಬನವ್ವಾ!"

"ಏಳಬ್ಯಾಡ ಮಾವಾ," ಅಂದ ಸಕ್ರೆಪ್ಪ. "ಈ ಮಗ್ಗಲು ಇನ್ನೂ ಹಸಿ ಐತಿ. ತಡಿ, ತಿರುವಿ ಹಾಕ್ತೀನಿ."

ತಿರುವಿಯೂ ಹಾಕಿದ. ಅಣ್ಣನ ಕೂಗು ಕೇಳಿ ಬನವ್ವ ಮಗ್ಗದ ಗುಂಡಿಯಿಂದ ಒಂದೇ ನೆಗೆತಕ್ಕೆ ಮೇಲೆ ಬಂದಳು. ಬರುವಾಗ ಕಾಲು ಉಳುಕಿತು. ಹೊಸ್ತಿಲಲ್ಲೇ ಕುಸಿದು ಕೂತಳು.

ಸಂಕಣ್ಣ ಬಾಯಲ್ಲಿದ್ದ ಮಣ್ಣು ಉಗುಳಿ ಎದ್ದ.

"ಇನ್ನ ಮಾತಿಲ್ಲ! ಇವತ್ತ ಮಗ್ಗ ಬಿಚ್ಚೂದ ಬಿಚ್ಚೂದು! ನೀನಿಲ್ಲಿ ಕೂತು ನೇಯ್ತೀ, ಇವ ಹೊರಗ ನಿಂತು ಮಂದಿನ್ನ ಒಣಗಿಸ್ತಾನ!"

"ಅಣ್ಣಾ, ಹೊತ್ತು ಮುಳುಗೋತನಕ ತಡಿ. ವಾಡೇದಾಗ ನನ್ನ ಬಟ್ಟಿ ಗೆದ್ರ ಮಗ್ಗ ಉಳೀಲಿ. ಸೋತ್ರ ನಾನ ನನ್ನ ಕೈಯಾರೆ ಬಿಚ್ಚಿ ಕೊಡ್ತೀನಿ."

"ನಡೀಲಾಕ ಬರವಲ್ದು ನಿನಗ. ಬಟ್ಟಿ ಯಾರು ಒಯ್ತಾರು?"

ಇಬ್ಬರೂ ಸಕ್ರೆಪ್ಪನನ್ನು ನೋಡಿದರು. ಬೇರೆ ಯಾರಿದ್ದರು? ಸಂಕಣ್ಣನ ಕೈಗೆ ಕೊಟ್ಟರೆ ಬಟ್ಟೆ ವಾಡೆ ಮುಟ್ಟುವ ನಂಬಿಕೆ ಬನವ್ವನಿಗಿರಲಿಲ್ಲ.

ಅವಳು ಎರಡೆಳೆಯ ತುಂಡನ್ನು ಮಗನ ಹೆಗಲಿಗೆ ಹಾಕಿ, ಗಲ್ಲ ಹಿಡಿದು ಹೇಳಿದಳು.

"ನೋಡಪಾ ನನ್ನ ಅಪ್ಪಾ. ವಾಡೇಕ್ಕ ಹೋಗು. ದೊಡ್ಡವ್ವಗ ಇದನ್ನ ತೋರಿಸು. ಒದ್ದಿ ಬಟ್ಟಿ ಮತ್ತ ಕುಡಿಯೂದಿಲ್ಲ. ಅದಕ್ಕ ಇದರ ಮ್ಯಾಲ ಒಂದು ಹನಿ ಬೀಳಗೊಡಬ್ಯಾಡ. ಯಾರು ಏನಂದ್ರೂ, ಒಂದು ಹನಿ ಬೀಳಗೊಡಬ್ಯಾಡ!"

"ತಿಳೀತವ್ವಾ. ಹಂಗ ಮಾಡ್ತೀನಿ."

ವಾಡೆಯ ಪಡಸಾಲೆಯಲ್ಲಿ ನೇಕಾರರು ಸಾಲಾಗಿ ಕೂತಿದ್ದರು. ನಡುವೆ ದೊಡ್ಡವ್ವ, ಮೈಮೇಲೆ ರೇಷ್ಮೆ ಸೀರೆ, ಮಡಿಲಲ್ಲಿ ಮರಿಮಗ, ಬಾಯಲ್ಲಿ ಎಲೆ ಅಡಿಕೆ. ಮುಂದೊಂದು ಬೆಳ್ಳಿ ಬಟ್ಟಲು, ಕಂಠಮಟ್ಟ ನೀರು. ಬಟ್ಟೆ ಅದ್ದಬೇಕು, ದೊಡ್ಡವ್ವನ ಎಲೆ ಅಡಿಕೆ ಮುಗಿಯುವ ತನಕ ಬಿಡಬೇಕು, ಎತ್ತಬೇಕು, ಬಟ್ಟಲು ನೋಡಬೇಕು. ಅದು ಅಲ್ಲಿಯ ಅಳತೆ.

ಒಬ್ಬರಾದ ಮೇಲೊಬ್ಬರು ಬಟ್ಟೆ ಅದ್ದಿದರು. ಎಲ್ಲಕ್ಕಿಂತ ಜೋರು ಕಂಡದ್ದು ತುಕ್ಕಪ್ಪನದು. ತುಕ್ಕಪ್ಪ ಸಂತೆಯಲ್ಲಿ ಹೆಸರಾದ ನೇಕಾರ. ಅವನ ಬಟ್ಟೆ ಕಂಬಳಿಯಷ್ಟು ದಪ್ಪ, ಮೇಲೆ ಗಂಜಿಯ ಹೊಳಪು. ಗಂಜಿ ತೊಳೆದರೆ ಹೊಳಪು ಹೋಗುತ್ತದೆಂದು ಅವನು ತೊಳೆದಿರಲಿಲ್ಲ. ಬಟ್ಟಲಿಗೆ ಹಾಕಿದರೆ ಅದು ಹಲಗೆಯ ಹಾಗೆ ತೇಲಿತು. ತೇಲಿತು, ತೇಲಿತು, ತೇಲುತ್ತಲೇ ಇತ್ತು. ದೊಡ್ಡವ್ವನ ಹಲ್ಲಿಗೆ ವಯಸ್ಸಾಗಿತ್ತು. ಎಲೆ ಮುಗಿಯುವಷ್ಟರಲ್ಲಿ ಬಟ್ಟೆಯೂ ನೆನೆದು ಮುಳುಗಿತು. ಎತ್ತಿದರೆ ಬಟ್ಟಲು ಅರ್ಧಕ್ಕಿಂತ ಕೆಳಗೆ.

"ಭಲೆ ತುಕ್ಕಪ್ಪಾ!" ಅಂದರು ಎಲ್ಲರೂ.

"ಇನ್ಯಾರು ಉಳಿದ್ರು?" ಅಂದಳು ದೊಡ್ಡವ್ವ.

"ನಾ ಉಳಿದೀನ್ರೀ. ಬನವ್ವನ ಮಗ."

"ಬಾರಪ್ಪಾ. ಬಟ್ಟಿ ಅದ್ದು."

ಸಕ್ರೆಪ್ಪ ಬಟ್ಟೆಯನ್ನು ಎದೆಗವಚಿಕೊಂಡ.

"ಆಗೂದಿಲ್ರೀ."

"ಯಾಕಪ್ಪಾ?"

"ಒದ್ದಿ ಆಗ್ತದ್ರೀ."

ಪಡಸಾಲೆ ಗೊಳ್ಳೆಂದು ನಕ್ಕಿತು.

"ಒದ್ದಿ ಆಗಲಿ ಅಂತಲೇ ಕರೆಸೀವಿ. ಅದ್ದೋ ಮಾರಾಯಾ."

"ಯವ್ವ ಹೇಳ್ಯಾಳ್ರೀ, ಯಾರು ಏನಂದ್ರೂ ಒಂದು ಹನಿ ಬೀಳಗೊಡಬ್ಯಾಡ ಅಂತ."

"ದೊಡ್ಡವ್ವಾರ ಮಾತಿಗೂ ಇಲ್ಲೇನೋ?" ಅಂದ ತುಕ್ಕಪ್ಪ.

"ಯಾರು ಏನಂದ್ರೂ ಅಂದ್ರ ದೊಡ್ಡವ್ವಾರೂ ಅದರಾಗ ಬಂದ್ರಲ್ರೀ?" ಅಂದ ಸಕ್ರೆಪ್ಪ.

ತುಕ್ಕಪ್ಪ ಮೀಸೆಯಲ್ಲೇ ನಕ್ಕ. ಬನವ್ವನ ಮಗ್ಗ ಅಲ್ಲಿಗೆ ಅಟ್ಟ ಹತ್ತಿದ ಹಾಗೇ ಆಯಿತು. ದೊಡ್ಡವ್ವ "ಹೋಗಲಿ ಬಿಡು" ಎಂದು ತುಕ್ಕಪ್ಪನ ಕಡೆ ತಿರುಗಿದಳು. ತಿರುಗಿದವಳು ಅರ್ಧಕ್ಕೇ ತಡೆದಳು. ಮಡಿಲಲ್ಲಿ ಕೂಸು ಒಮ್ಮೆ ನಡುಗಿತು, ಕಾಲು ಮಡಚಿತು.

"ಅಯ್ಯಯ್ಯ! ಹೊಯ್ತು, ಹೊಯ್ತು! ನನ್ನ ರೇಷ್ಮಿ ಸೀರಿ! ಯಾರರೆ ಬಟ್ಟಿ ಕೊಡ್ರೋ!"

ತುಕ್ಕಪ್ಪ ಮುಂದೆ ಬಂದ. ತನ್ನ ಇನ್ನೊಂದು ತುಂಡು, ಹೊಸದು, ಹೊಳೆಯುವುದು, ಕೂಸಿನ ಕೆಳಗೆ ಒತ್ತಿದ. ಬಿದ್ದದ್ದೆಲ್ಲ ಗಂಜಿಯ ಮೇಲೆ ಮುತ್ತಿನ ಹಾಗೆ ಉರುಳಿ ಸೀದಾ ದೊಡ್ಡವ್ವನ ನೆರಿಗೆಗೆ ಇಳಿಯಿತು. ಬಟ್ಟಲಲ್ಲಾದರೆ ನೆನೆಯಲು ಹೊತ್ತಿತ್ತು. ಕೂಸಿನ ಹತ್ತಿರ ಅಷ್ಟು ಹೊತ್ತೆಲ್ಲಿ?

"ತೆಗಿಯೋ ನಿನ್ನ ಹಲಗಿ!" ದೊಡ್ಡವ್ವ ಅದನ್ನು ಒಗೆದು, ಕೈಗೆ ಸಿಕ್ಕ ಸಕ್ರೆಪ್ಪನ ಬಟ್ಟೆಯ ತುದಿ ಹಿಡಿದು ಎಳೆದಳು.

"ಬಿಡ್ರೀ! ಯವ್ವ ಬೈತಾಳ!"

"ಬಿಡೋ!"

"ಒಂದು ಹನಿ ಬೀಳಗೊಡೂದಿಲ್ರೀ!"

ಎಳೆದಾಟದಲ್ಲಿ ದೊಡ್ಡವ್ವ ಗೆದ್ದಳು. ಬಟ್ಟೆ ಕೂಸಿನ ಕೆಳಗೆ ಹೋಯಿತು. ಕೂಸು ಮಿಕ್ಕದ್ದನ್ನೆಲ್ಲ ನಿಶ್ಚಿಂತೆಯಿಂದ ಮುಗಿಸಿತು. ದೊಡ್ಡವ್ವ ಬಟ್ಟೆಯ ಅಡಿಗೆ ಕೈಯಿಟ್ಟು ನೋಡಿದಳು. ಒಣ. ಮಗುಚಿ ನೋಡಿದಳು. ಒಣ. ಕೂಸಿನ ತೊಡೆ ಮುಟ್ಟಿದಳು. ಅದೂ ಒಣ.

"ಯಾರು ನೇಯ್ದದ್ದೋ ಇದು?"

"ನಮ್ಮವ್ವ," ಅಂದ ಸಕ್ರೆಪ್ಪ ಅಳುತ್ತ. "ಬಡೀತಾಳ್ರೀ ನನಗ. ಒಂದು ಹನಿ ಅಂದಿದ್ಲು, ನಿಮ್ಮ ಕೂಸು ಎಷ್ಟು ಹೊಯ್ತು!"

"ಅಳಬ್ಯಾಡೋ ಹುಚ್ಚಾ. ವಾಡೇದ ಕೆಲಸ ನಿಮ್ಮವ್ವನ ಮಗ್ಗಕ್ಕ!"

ತುಕ್ಕಪ್ಪ ಎದ್ದು ನಿಂತ.

"ಅದ್ಹ್ಯಾಂಗ್ರೀ ದೊಡ್ಡವ್ವಾರ? ನನ್ನ ಬಟ್ಟಿ ಅಳತಿ ಆತು. ಇದರ ಅಳತಿ ಎಲ್ಲಿ? ಎಷ್ಟು ಕುಡೀತು ಅಂತ ಯಾರು ಕಂಡಾರು?"

"ನನ್ನ ಮಡಿಲು ಕಂಡೈತಿ," ಅಂದಳು ದೊಡ್ಡವ್ವ.

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಸಕ್ರೆಪ್ಪ ಕಣ್ಣೊರೆಸಿಕೊಂಡ.

"ನಾ ಅಳೀತೀನ್ರೀ! ಅಳತಿ ನನಗ ಬರ್ತದ. ಯವ್ವ ಕಲಿಸ್ಯಾಳ."

"ಅಳಿಯಪ್ಪಾ, ಅಳಿ," ಎಂದು ದೊಡ್ಡವ್ವ ನಗುತ್ತ ಬಟ್ಟಲು ಅವನ ಕಡೆ ಸರಿಸಿ, ಕೂಸನ್ನು ಪಡಸಾಲೆಯ ಕೌದಿಯ ಮೇಲೆ ಮಲಗಿಸಿ, ಸೀರೆ ಬದಲಿಸಲು ಒಳಗೆ ಹೋದಳು. ಬಾಣಂತಿ ಮೊಮ್ಮಗಳ ಜೊತೆ ಮಾತಿಗೆ ಕೂತು ಇದನ್ನು ಮರೆತೂಬಿಟ್ಟಳು.

ಹೊತ್ತು ಇಳಿಯಿತು. ಮಗನ ಸುಳಿವಿಲ್ಲ. ಬನವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣ ಅಷ್ಟರಲ್ಲಿ ಹಳ್ಳದಿಂದ ಎಬ್ಬಿಸಿ ತಂದಿದ್ದ ಗಾಡಿ ಹತ್ತಿ, ಕೋಲೂರಿಕೊಂಡು ವಾಡೆಗೆ ಬಂದಳು. ಬಾಗಿಲಲ್ಲೇ ದೊಡ್ಡವ್ವ ಎದುರಾದಳು.

"ಬಾರವ್ವಾ ಬನವ್ವಾ! ನಾಳೆಯಿಂದ ನಿನ್ನ ಮಗ್ಗ ನಮ್ಮದು. ಎಷ್ಟು ನೇಯ್ದರೂ ನಮಗ ಸಾಲೂದಿಲ್ಲ ನೋಡು."

ಬನವ್ವ ಕೋಲು ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. ಸಂಕಣ್ಣ ಕೋಲನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಬಿಚ್ಚೂದಿಲ್ಲ ಬಿಡವ್ವಾ ಇನ್ನ," ಅಂದ, ಬೇರೆ ಕಡೆ ನೋಡುತ್ತ.

"ನನ್ನ ಮಗ ಎಲ್ರೀ?" ಅಂದಳು ಬನವ್ವ.

"ಮನಿಗೆ ಬಂದಿಲ್ಲೇನು?"

ಎಲ್ಲರೂ ಪಡಸಾಲೆಗೆ ಬಂದರು. ಕೂಸು ಕೌದಿಯ ಮೇಲೆ ನಿದ್ದೆ ಹೋಗಿತ್ತು. ಗಾಳಿಗೆ ಹಾರದ ಹಾಗೆ ಕೌದಿಯ ನಾಲ್ಕೂ ಮೂಲೆಗೆ ನಾಲ್ಕು ಕಲ್ಲು. ಕಲ್ಲು ಕಂಡ ಸಂಕಣ್ಣ ಹಿಂದಕ್ಕೆ ಸರಿದು ಬಾಗಿಲಲ್ಲೇ ನಿಂತ. ಕೂಸಿನ ಕಾಲ ಹತ್ತಿರ ಸಕ್ರೆಪ್ಪ ಮೊಣಕಾಲೂರಿ ಕೂತಿದ್ದ. ಎರಡೂ ಕೈಯಲ್ಲಿ ನೀರು ಚೆಲ್ಲಿ ಬರಿದು ಮಾಡಿದ ಬೆಳ್ಳಿ ಬಟ್ಟಲು, ಬರಬೇಕಾದದ್ದು ಬರುವ ಜಾಗಕ್ಕೆ ಸರಿಯಾಗಿ ಹಿಡಿದಿದ್ದ. ಮೋಸವಾಗದ ಹಾಗೆ ನೋಡಿಕೊಳ್ಳಲು ತುಕ್ಕಪ್ಪ ಎದುರಿಗೇ ಕೂತಿದ್ದ. ಇಬ್ಬರೂ ರೆಪ್ಪೆ ಮಿಟುಕಿಸುತ್ತಿರಲಿಲ್ಲ.

ಬನವ್ವ ಕೋಲೆತ್ತಿದಳು.

"ಏನ್ ಮಾಡಾಕತ್ತೀಯೋ ಇಲ್ಲಿ!"

"ಶ್ಶ್!" ಅಂದ ಸಕ್ರೆಪ್ಪ. "ಅಳತಿ ನಡದೈತಿ. ಕಂಠಮಟ್ಟ ತುಂಬದ ಅಳತಿ ಇಲ್ಲ ಅಂತ ನೀನ ಹೇಳೀದಿ. ಮೊದಲ ತುಂಬಲಿ, ಆಮ್ಯಾಲ ಬಟ್ಟಿ ಅದ್ದೂದು."

ಎತ್ತಿದ ಕೋಲು ಬನವ್ವನ ಕೈಯಲ್ಲಿ ಹಾಗೇ ಉಳಿಯಿತು. ಮೆಲ್ಲಗೆ ಕೋಲು ಇಳಿಸಿ, ಉಳುಕಿದ ಕಾಲನ್ನು ನೀಡಿಕೊಂಡು ಮಗನ ಪಕ್ಕದಲ್ಲಿ ಕೂತು, ಬಟ್ಟಲಿನೊಳಗೆ ಇಣುಕಿದಳು.

"ಎಷ್ಟಾಗೈತೋ?"

"ಎರಡು ಬೆರಳು ಆಗೈತಿ," ಅಂದ ಸಕ್ರೆಪ್ಪ, ಬಟ್ಟಲು ಅಲುಗಿಸದೆ. "ಹಿಂಗಾದ್ರ ಹೊತ್ತು ಮುಳುಗ್ತದ ಯವ್ವಾ. ನೀ ಸುಮ್ಮ ಕೂಡಬ್ಯಾಡ, ಒಳಗ ಹೋಗಿ ಕೂಸಿನ ತಾಯಿಗೆ ಹೇಳು, ಇನ್ನೊಂದಿಷ್ಟು ಹಾಲು ಕುಡಸಲಿ."